ಪಂಢರಿ ಮಾಸ್ತರರು ಅಳೆದ ರಸ್ತೆ

ಪಂಢರಿ ಮಾಸ್ತರರಿಗೆ ಅನುಮಾನವೆಂದರೆ ಊಟದ ಜೊತೆಗಿನ ಉಪ್ಪಿನಕಾಯಿ. ಅದಿಲ್ಲದೆ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ. ಹಾಲಿನವನ ಕ್ಯಾನಿನಲ್ಲಿ ಬೆರಳದ್ದಿ ನೋಡುವರು, ತೂಗಿ ತಂದ ತರಕಾರಿಯನ್ನು ಮನೆಯಲ್ಲಿ ಮತ್ತೊಮ್ಮೆ ತೂಗುವರು, ಪತ್ರಿಕೆಯಲ್ಲಿ ಇಂದು ಮೋಡ ಎಂದು ಓದಿದ ಮೇಲೆ ಅಂಗಳಕ್ಕೆ ಬಂದು ಆಕಾಶವನ್ನು ಖುದ್ದಾಗಿ ವಿಚಾರಿಸುವರು. ಹುಟ್ಟೂರು ಚಿಂತಾಕಿ. ಔರಾದದ ಶಾಲೆಯಲ್ಲಿ ಜೀವಮಾನವೆಲ್ಲ ವಿಜ್ಞಾನ ಕಲಿಸಿ, ನಿವೃತ್ತರಾದ ಮೇಲೆ ಬೀದರಿನ ನೌಬಾದದಲ್ಲಿ ಮನೆ ಕಟ್ಟಿಕೊಂಡಿದ್ದರು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ತಮ್ಮ ತರಗತಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರಂತೆ. ಗೋಡೆ ಔರಾದದಲ್ಲೇ ಉಳಿಯಿತು, ಗಾದೆ ಮಾತ್ರ ಅವರ ಹಿಂದೆಯೇ ನೌಬಾದಕ್ಕೆ ಬಂತು.

ಇಂಥವರ ಮನೆಯಲ್ಲಿ ಲಗ್ನಕ್ಕೆ ಬಂದ ಮಗಳಿದ್ದರೆ ಅವಳ ಗತಿ ಏನಾಗಬೇಕು ಹೇಳಿ. ತಾಯಿಯಿಲ್ಲದ ಮನೆಯಲ್ಲಿ ಸುಮನಳಿಗೆ ಬಂದ ಗಂಡುಗಳನ್ನೆಲ್ಲ ಮಾಸ್ತರರೇ ವಿಚಾರಿಸುತ್ತಿದ್ದರು, ಮಾಸ್ತರರೇ ಹಿಂದಕ್ಕೆ ಅಟ್ಟುತ್ತಿದ್ದರು. ಒಬ್ಬ ಬಹಳ ನಗುತ್ತಾನೆ ಎಂದು ಬೇಡವಾದ. ಇನ್ನೊಬ್ಬನ ಬಳಿ ಎರಡು ಫೋನಿದ್ದವು. ಮತ್ತೊಬ್ಬನ ಊರಿಗೇ ಹೋಗಿ ವಿಚಾರಿಸಿದರೆ ಸಿಕ್ಕಸಿಕ್ಕವರೆಲ್ಲ ಹುಡುಗ ಬಂಗಾರ ಅಂದರು. ಮಾಸ್ತರರು ಬಸ್ಸು ಇಳಿಯುತ್ತಲೇ ತೀರ್ಪು ಕೊಟ್ಟರು: "ಊರಿಗೂರೇ ಹೊಗಳ್ತದ ಅಂದ್ರ ಊರಿಗೆಲ್ಲ ಚಾ ಕುಡಿಸ್ಯಾರ. ಬ್ಯಾಡವ್ವ ಅದು."

ಹಾಗಿರುವಾಗ ಭಾಲ್ಕಿಯಿಂದ ಕಪಿಲ ಬಂದ. ಅವನು ಸಿವಿಲ್ ಇಂಜಿನಿಯರು. ಒಬ್ಬ ಗುತ್ತೇದಾರರ ಕೈಕೆಳಗೆ ಭಾಲ್ಕಿಯಿಂದ ಭಾತಂಬ್ರಾಕ್ಕೆ ಹೋಗುವ ರಸ್ತೆಗೆ ಹೊಸ ಡಾಂಬರು ಹಾಕಿಸುತ್ತಿದ್ದ. ನೋಡಲು ಬಂದ ಹುಡುಗರು ಸಾಮಾನ್ಯವಾಗಿ ಅಡುಗೆ ಬರುತ್ತದೆಯೇ, ನೌಕರಿ ಬಿಡುತ್ತೀರಾ ಎಂದೆಲ್ಲ ಕೇಳುತ್ತಾರೆ. ಸುಮನ ಬೀದರಿನಲ್ಲಿ ಅಶೋಕಕುಮಾರ ಎಂಬುವವರ ರಸ್ತೆ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆಂದು ತಿಳಿದು ಕಪಿಲ ಕೇಳಿದ್ದೇ ಬೇರೆ.

"ನಿಮ್ಮ ಮಷಿನ್ ಭಾರ ಕೆಡವಿದಾಗ ಸಪ್ಪಳ ಹ್ಯಾಂಗ ಬರ್ತದ್ರಿ? ನಾ ಒಮ್ಮಿನೂ ಹತ್ರದಿಂದ ಕೇಳಿಲ್ಲ."

"ಧಪ್ ಅಂತ ಬರ್ತದ್ರಿ," ಅಂದಳು ಸುಮನ. "ರಸ್ತಾ ಗಟ್ಟಿ ಇದ್ರ ಸಪ್ಪಳಾನೂ ಗಟ್ಟಿ."

ಇಬ್ಬರೂ ನಕ್ಕರು. ಆ ಹುಡುಗ ಅವಳಿಗೆ ಹಿಡಿಸಿದ. ಅದನ್ನು ಸುತ್ತಿ ಬಳಸಿ ಹೇಳುವುದೇಕೆ, ಬಹಳ ಹಿಡಿಸಿದ.

ಮಾಸ್ತರರು ಮಾತ್ರ ಹುಡುಗನ ಬೆರಳುಗಳನ್ನೇ ನೋಡುತ್ತ ಕೂತಿದ್ದರು. ಅವನು ಹೋದ ಮೇಲೆ ಬಾಯಿ ಬಿಟ್ಟರು: "ಡಾಂಬರಿನ ಕೆಲಸ ಮಾಡೋವನ ಉಗುರು ಅಷ್ಟು ಸ್ವಚ್ಛ ಹ್ಯಾಂಗ? ಮತ್ತ ಚಾಕ್ಕ ಸಕ್ಕರಿ ಬ್ಯಾಡ ಅಂದ. ಈ ವಯಸ್ಸಿನಾಗ ಸಕ್ಕರಿ ಬ್ಯಾಡ ಅನ್ನೋವ ಏನೋ ಮುಚ್ಚಿಡ್ಲತ್ತಾನ."

"ಅಪ್ಪಾ, ಸಕ್ಕರಿ ತಿನ್ನೋರ ಮ್ಯಾಲೂ ನಿಮಗ ಶಕ್, ತಿನ್ನದವ್ರ ಮ್ಯಾಲೂ ಶಕ್."

"ಶಕ್ ಅಲ್ಲವ್ವ, ವಿಚಾರಣೆ. ಹೆಣ್ಣು ಕೊಡೋರು ವಿಚಾರ ಮಾಡಬೇಕು. ಅದು ರಿವಾಜು."

ಅದಾದ ಕೆಲವೇ ದಿನಗಳಿಗೆ ಭಾತಂಬ್ರಾ ರಸ್ತೆಯ ಪರೀಕ್ಷೆಯ ಕೆಲಸ ಅಶೋಕಕುಮಾರರ ಲ್ಯಾಬಿಗೇ ಬಂತು. ಸುಮನ ನೇರವಾಗಿ ಹೋಗಿ ಹೇಳಿದಳು.

"ಸರ್, ಆ ರೋಡಿನ ಇಂಜಿನಿಯರು ನಮ್ಮ ಮನಿಗಿ ನನ್ನ ನೋಡ್ಲಕ್ಕ ಬಂದಿದ್ರು. ಬ್ಯಾರೆಯವ್ರಿಗಿ ಕಳಸ್ರಿ."

"ಬ್ಯಾರೆ ಯಾರು ಅದಾರವ್ವ? ಇದ್ದೊಬ್ಬ ಕಲಬುರಗಿಗಿ ಹೋಗ್ಯಾನ. ಲಗ್ನ ಇನ್ನಾ ಗಟ್ಟಿ ಆಗಿಲ್ಲಲ್ಲ? ಅಳೆಯೋದು ನೀ ಅಲ್ಲ, ಮಷಿನ್. ನಡಿ."

ಆ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ವ್ಯಾನಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಡಿ ಅದು. ದುಂಡನೆಯ ಕಬ್ಬಿಣದ ತಟ್ಟೆಯೊಂದನ್ನು ರಸ್ತೆಗೆ ಊರುತ್ತದೆ, ಅದರ ಮೇಲೆ ಭಾರ ಬೀಳಿಸುತ್ತದೆ. ತುಂಬಿದ ಲಾರಿಯ ಗಾಲಿ ಉರುಳಿದಷ್ಟು ಪೆಟ್ಟು. ರಸ್ತೆ ಕಣ್ಣಿಗೆ ಕಾಣದಷ್ಟು ಬಗ್ಗಿ ಮತ್ತೆ ಎದ್ದು ನಿಲ್ಲುತ್ತದೆ. ಎಲ್ಲಿ ಎಷ್ಟು ಬಗ್ಗಿತು ಎಂಬುದನ್ನು ತಟ್ಟೆಯ ಪಕ್ಕ ಸಾಲಾಗಿ ನೆಲಕ್ಕೆ ಕಿವಿಗೊಟ್ಟ ಉಪಕರಣಗಳು ಹಿಡಿಯುತ್ತವೆ. ಮೇಲಿನ ಡಾಂಬರು, ನಡುವಿನ ಖಡಿ ಅಂದರೆ ಜಲ್ಲಿ, ಕೆಳಗಿನ ಮಣ್ಣು – ಯಾವ ಪದರು ಎಷ್ಟು ಬಿರುಸು ಎಂದು ಕಂಪ್ಯೂಟರು ಅದರಿಂದ ಬಿಡಿಸಿ ಹೇಳುತ್ತದೆ. ಅಗೆಯಬೇಕಿಲ್ಲ, ಒಡೆಯಬೇಕಿಲ್ಲ. ಡಾಂಬರಿನದು ಮಾತ್ರ ಒಂದು ತಕರಾರು. ಅದು ಬಿಸಿಗೆ ಮೆತ್ತಗಾಗುತ್ತದೆ, ತಂಪಿಗೆ ಗಡಸಾಗುತ್ತದೆ. ಆದ್ದರಿಂದ ರಸ್ತೆಗೆ ಸಣ್ಣದೊಂದು ತೂತು ಕೊರೆದು, ಗ್ಲಿಸರಿನ್ ಹನಿಸಿ, ಥರ್ಮಾಮೀಟರ್ ಇಳಿಸಿ ಡಾಂಬರಿನ ಒಳಗಿನ ಬಿಸಿಯನ್ನು ಆಗಾಗ ನೋಡಬೇಕು. ಬಿಸಿ ಹೆಚ್ಚಿದ್ದರೆ ಲೆಕ್ಕದಲ್ಲಿ ಅದಕ್ಕೆ ರಿಯಾಯಿತಿ ಉಂಟು. ಕಡಿಮೆ ಇದ್ದೂ ಮೆತ್ತಗಿದ್ದರೆ ಆ ಡಾಂಬರಿನಲ್ಲೇ ದೋಷವಿದೆ ಎಂದರ್ಥ.

ಮಾರ್ಚ್ ತಿಂಗಳು. ಪರೀಕ್ಷೆಯ ದಿನ ಬೆಳಿಗ್ಗೆ ವ್ಯಾನು ನೌಬಾದಕ್ಕೆ ಬಂದಾಗ ಮಾಸ್ತರರು ಇಸ್ತ್ರಿ ಅಂಗಿ ತೊಟ್ಟು ಗೇಟಿನಲ್ಲಿ ನಿಂತಿದ್ದರು.

"ಭಾತಂಬ್ರಾದಾಗ ನನ್ನ ಹಳೇ ಶಿಷ್ಯ ಒಬ್ಬ ಅದಾನ. ಹ್ಯಾಂಗೂ ಹೋಗ್ಲತ್ತೀರಿ, ನಾನೂ ಬರ್ತೇನಿ."

ಭಾತಂಬ್ರಾದಲ್ಲಿ ಅಂಥ ಶಿಷ್ಯ ಯಾರೂ ಇಲ್ಲವೆಂದು ಸುಮನಳಿಗೆ ಗೊತ್ತಿತ್ತು. ಮಾಸ್ತರರು ವಿಚಾರಣೆಗೆ ಹೊರಟಿದ್ದರು. ಊರಿನವರು ಸುಳ್ಳು ಹೇಳಬಹುದು, ರಸ್ತೆ ಹೇಳುವುದಿಲ್ಲ ಎಂಬುದು ಅವರ ಹೊಸ ಸಿದ್ಧಾಂತ. ಅವಳು ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಡ್ರೈವರ್ ಅಬ್ದುಲ ವಾಹೀದ ಇನ್ನೊಂದು ಸುದ್ದಿ ಕೊಟ್ಟ. ಅವಳ ಸಹಾಯಕ ಸಂಜುಕುಮಾರ ಜ್ವರ ಬಂದು ಮಲಗಿದ್ದಾನೆ.

"ಥರ್ಮಾಮೀಟರ್ ಯಾರು ನೋಡಬೇಕು ಈಗ?" ಅಂದಳು ಸುಮನ.

"ಥರ್ಮಾಮೀಟರ್?" ಮಾಸ್ತರರ ಮುಖ ಬೆಳಗಿತು. "ಔರಾದ ತಾಲೂಕಿನಾಗ ಥರ್ಮಾಮೀಟರ್ ಓದ್ಲಕ್ಕ ಕಲಸ್ದಾವ್ರೇ ನಾವು."

ರಸ್ತೆಯ ಮೊದಲ ಭಾಗದಲ್ಲೇ ವ್ಯಾನು ನಿಂತಿತು. ಸುಮನ ಒಳಗೆ ಲ್ಯಾಪ್‌ಟಾಪಿನ ಜೊತೆ ಗುದ್ದಾಡುತ್ತಿದ್ದಾಗ, ವಾಹೀದ ಡ್ರಿಲ್ ಹಿಡಿದು ಇಳಿದು, ಮಾಸ್ತರರು ತೋರಿಸಿದಲ್ಲಿ ತೂತು ಹಾಕಿಕೊಟ್ಟು ಬಂದ. ಮಾಸ್ತರರು ಅಲ್ಲೇ ಕೂತರು. ವ್ಯಾನು ಮುಂದೆ ಹೋಯಿತು. ಧಪ್, ಧಪ್ ಎಂದು ಭಾರ ಬೀಳಿಸುತ್ತ, ಒಂದು ಗುರುತಿನಿಂದ ಇನ್ನೊಂದಕ್ಕೆ ಸಾಗುತ್ತ ಭಾತಂಬ್ರಾದ ಕಡೆಗೆ ದೂರವಾಯಿತು. ಮಾಸ್ತರರು ಫೋನಿನಲ್ಲಿ ಪಾಠ ಓದಿಸುವ ಧ್ವನಿಯಲ್ಲಿ ಅಂಕಿ ಹೇಳುತ್ತಿದ್ದರು: "ಇಪ್ಪತ್ತೆಂಟು. ಬರಕೊ." ಆಮೇಲೆ, "ಮೂವತ್ತು. ಬರೋಬರ್ ಮೂವತ್ತು." ಕೊನೆಗೆ, "ಮೂವತ್ತೊಂದು." ಬೆನ್ನು ಬೆವರಿನಿಂದ ತೋಯ್ದಿದ್ದರೂ ಸುಮನ ಅವನ್ನು ಹಾಗೆಯೇ ಬರೆದುಕೊಂಡಳು. ಹೆತ್ತ ಅಪ್ಪ ಥರ್ಮಾಮೀಟರ್ ಹಿಡಿದು ಹೇಳುವಾಗ ಅನುಮಾನ ಪಡುವವರು ಯಾರು?

ಕಪಿಲ ಒಮ್ಮೆ ಬೈಕಿನಲ್ಲಿ ಬಂದ. ದೂರದಲ್ಲೇ ನಿಲ್ಲಿಸಿದ.

"ನಾ ಹತ್ರ ನಿಂತ್ರ ಮಂದಿ ಏನಾರ ಅಂದಾರ್ರಿ. ಸಪ್ಪಳ ಕೇಳಿ ಹೋಗ್ತೇನಿ," ಅಂದ. ಒಂದು ಧಪ್ ಕೇಳಿಸಿಕೊಂಡು, ತಲೆಯಾಡಿಸಿ ನಕ್ಕು ಹೋದ. ಹೋಗುವಾಗ ದಾರಿಯಲ್ಲಿ ಕೂತಿದ್ದ ಮಾಸ್ತರರಿಗೆ ಜೈ ಭೀಮ್ ಹೇಳಿದನಂತೆ. ಸಂಜೆ ಮಾಸ್ತರರು ಅದಕ್ಕೂ ಅರ್ಥ ಹಚ್ಚಿದರು: "ಪರೀಕ್ಷಾ ನಡೆದಾಗ ನಿಲ್ಲದೇ ಓಡಿದ ನೋಡು. ಜೈ ಭೀಮ್ ಅಂತೂ ಭಾಳ ಜೋರಾಗಿ ಅಂದ."

ಮರುದಿನ ಲ್ಯಾಬಿನಲ್ಲಿ ಲೆಕ್ಕ ಬಿಡಿಸಿದಾಗ ಅಶೋಕಕುಮಾರರು ಪರದೆಯನ್ನು ನೋಡಿ ನಾಲಿಗೆ ಕಚ್ಚಿದರು.

"ಮಣ್ಣು ಛಲೋ ಅದ. ಖಡಿ ಛಲೋ ಅದ. ಮ್ಯಾಲಿನ ಪದರಿನ ಬಿರುಸೇ ಇರಬೇಕಾದ್ದರಾಗ ಅರ್ಧಾ ಅದ. ಡಾಂಬರ್ ಯಾರೋ ತಿಂದಾರವ್ವ."

ಸುಮನ ಮತ್ತೆ ಮತ್ತೆ ಲೆಕ್ಕ ಮಾಡಿದಳು. ಯಂತ್ರ ಸರಿಯಾಗಿತ್ತು, ಅಂಕಿಗಳು ಸರಿಯಾಗಿದ್ದವು, ಮೇಲಿನ ಪದರಿನ ಬಿರುಸು ಮಾತ್ರ ಅರ್ಧವೇ ಇತ್ತು. ವರದಿ ಕಳಿಸುವ ಮುಂಚೆ ರಸ್ತೆಯಿಂದ ಡಾಂಬರಿನ ತುಂಡುಗಳನ್ನು ಕೊಯ್ದು ನೋಡೋಣ, ಎಲ್ಲಿ ಕೊಯ್ಯಬೇಕೆಂದು ಗುರುತು ಹಾಕಿ ಬಾ ಎಂದು ಅಶೋಕಕುಮಾರರು ಹೇಳಿದರು. ಆದರೆ ಸುದ್ದಿಗೆ ರಸ್ತೆ ಬೇಕಾಗುವುದಿಲ್ಲ. ಮಧ್ಯಾಹ್ನದೊಳಗೆ ಅದು ಭಾಲ್ಕಿ ಮುಟ್ಟಿತ್ತು. ಡಾಂಬರು ಎಲ್ಲಿ ಮಾರಿಕೊಂಡೆ ಎಂದು ಗುತ್ತೇದಾರರು ಎಲ್ಲರೆದುರಿಗೆ ಕಪಿಲನನ್ನು ಕೇಳಿದರಂತೆ.

ಮನೆಯಲ್ಲಿ ಮಾಸ್ತರರು ಗೆದ್ದ ಪೈಲ್ವಾನರ ಹಾಗೆ ಓಡಾಡಿದರು. "ನಾ ಹೇಳಿದ್ನಿಲ್ಲ? ಉಗುರು ನೋಡ್ದಾಗೇ ತಿಳೀತು ನನಗ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲವ್ವ."

ಸುಮನಳಿಗೂ ಅನುಮಾನ ಹತ್ತಿತು. ಅನುಮಾನದ ಗುಣವೇ ಅಂಥದ್ದು. ಮೊನ್ನೆಯವರೆಗೆ ಸಿಹಿಯಾಗಿದ್ದ ನೆನಪನ್ನೆಲ್ಲ ಅದು ಒಂದೇ ರಾತ್ರಿಯಲ್ಲಿ ಹುಳಿ ಮಾಡಿತು. ಯಂತ್ರದ ಸಪ್ಪಳ ಹೇಗಿರುತ್ತದೆ ಎಂದು ಅವನು ಕೇಳಿದ್ದೇಕೆ? ಪರೀಕ್ಷೆ ಎಷ್ಟು ಕಠಿಣ ಎಂದು ತಿಳಿದುಕೊಳ್ಳಲಿಕ್ಕೆ ಇರಬೇಕು. ದೂರ ನಿಂತದ್ದೇಕೆ? ತನ್ನ ಮುಖ ನೋಡಲಾರದೆ. ಈ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿಯೇ ಆಗಬೇಕೆಂದು ಹುಡುಕಿಕೊಂಡು ಬಂದಿದ್ದನೇನು? ಇದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಅಪ್ಪನ ಮಗಳಲ್ಲ ತಾನು ಎಂದುಕೊಂಡಿದ್ದಳು, ಈಗ ಅಪ್ಪನಿಗಿಂತ ಚೆನ್ನಾಗಿ ಅನುಮಾನ ಪಡುತ್ತಿದ್ದಳು.

ಮರುದಿನ ಕಪಿಲನ ಫೋನು ಬಂತು.

"ಮೇಡಂ, ರಸ್ತಾ ಫೇಲ್ ಅಂತ ಕೇಳಿದೆ. ಆ ಡಾಂಬರ್ ನಾ ಮುಂದ ನಿಂತು ಹಾಕ್ಸೀನ್ರಿ," ಅಂದ. ಆಮೇಲೆ ಕೇಳಿದ: "ನೀವು ನಂಬಿದ್ರೇನ್ರಿ?"

"ಮಷಿನ್ ಸುಳ್ಳು ಹೇಳಂಗಿಲ್ರಿ," ಅಂದಳು.

"ಆಯ್ತ್ರಿ," ಎಂದು ಇಟ್ಟುಬಿಟ್ಟ.

ಪಕ್ಕದಲ್ಲೇ ಕಿವಿ ನಿಮಿರಿಸಿ ಕೂತಿದ್ದ ಮಾಸ್ತರರು ಅಂದರು, "ಜಗಳಾಡ್ಲಿಲ್ಲ. ಖರೇ ಇದ್ದಾವ ಜಗಳಾಡ್ತಾನ." ಜಗಳಾಡಿದ್ದರೆ 'ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ' ಅನ್ನುತ್ತಿದ್ದರು. ಅವರ ಕೈಗೆ ಸಿಕ್ಕ ಮನುಷ್ಯನಿಗೆ ಪಾರಾಗುವ ದಾರಿ ಇರಲಿಲ್ಲ.

ಕೊಯ್ಯುವ ಜಾಗಗಳನ್ನು ಗುರುತು ಮಾಡಲು ಸುಮನ ವಾಹೀದನ ಜೊತೆ ಮತ್ತೆ ಭಾತಂಬ್ರಾ ರಸ್ತೆಗೆ ಹೋದಳು. ಹೋದ ಮೇಲೆ, ಹಿಂದಿನ ಸಲದ ಥರ್ಮಾಮೀಟರಿನ ತೂತು ಹಾಗೇ ಬಾಯಿ ತೆರೆದುಕೊಂಡಿರುತ್ತದೆ, ಮಳೆ ನೀರು ಇಳಿದರೆ ರಸ್ತೆ ಅಲ್ಲಿಂದಲೇ ಕೆಡುತ್ತದೆ, ಮುಚ್ಚಿಬಿಡೋಣ ಎಂದು ಅವಳಿಗೆ ನೆನಪಾಯಿತು. ವಾಹೀದ ಮುಂದೆ ಹೋಗಿ ಗುರುತು ಹಾಕುತ್ತಿದ್ದ, ಅವಳೊಬ್ಬಳೇ ರಸ್ತೆಯ ಮೇಲೆ ಬಗ್ಗಿ ಹುಡುಕಿದಳು. ಬಿಸಿಲಿಗೆ ಡಾಂಬರು ಕಾದ ಹೆಂಚಾಗಿತ್ತು, ಚಪ್ಪಲಿಯ ಅಡಿಯಿಂದ ಬಿಸಿ ಬರುತ್ತಿತ್ತು. ತೂತು ಮಾತ್ರ ಎಲ್ಲೂ ಕಾಣಲಿಲ್ಲ.

ರಸ್ತೆಯ ಅಂಚಿಗೆ ದೊಡ್ಡದೊಂದು ಹುಣಸೆ ಮರವಿತ್ತು. ಅದರ ಟೊಂಗೆಗಳು ರಸ್ತೆಯ ಅರ್ಧದವರೆಗೆ ಚಾಚಿದ್ದವು. ಕೆಳಗೆ ಕುರಿಗಳನ್ನು ಬಿಟ್ಟುಕೊಂಡು ಮಡೆಪ್ಪ ಎಂಬ ಮುದುಕ ಕೂತಿದ್ದ.

"ಏನ್ ಹುಡಕ್ಲತ್ತೀ ತಾಯಿ?"

"ಇಲ್ಲಿ ಮೊನ್ನಿ ಒಬ್ರು ಕುಂತಿದ್ರಲ್ಲ ಯಜಮಾನ್ರು, ಕೈಯಾಗ ಗಾಜಿನ ಕಡ್ಡಿ ಹಿಡಕೊಂಡು. ಅವ್ರು ಎಲ್ಲಿ ಕುಂತಿದ್ರು?"

"ಇಲ್ಲೇ. ನನ್ನ ಕುರಿ ಎಬ್ಬಿಸಿ ಕುಂತ್ರು," ಅಂದ ಮಡೆಪ್ಪ. ಅವನಿಗೆ ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಮುಂಜಾನಿಯಿಂದ ಇಲ್ಲಿ ತಂಪು ಇರ್ತದಂತ ಕುರಿ ಮಲಗ್ತಾವ. ಸರಸ್ರಿ ಸರಸ್ರಿ ಅಂತ ಬಡಕೊಂಡ್ರು."

ಸುಮನ ಒಂದು ಕುರಿಯನ್ನು ಸರಿಸಿದಳು. ಅದರ ಹೊಟ್ಟೆಯ ಕೆಳಗೆ, ಗ್ಲಿಸರಿನ್ನಿನ ಕಲೆಯ ನಡುವೆ, ತೂತಿತ್ತು. ಅವಳು ಅಂಗೈಯನ್ನು ಅಲ್ಲಿ ಊರಿದಳು. ತಣ್ಣಗಿತ್ತು. ಕೈ ಚಾಚಿ ನೆರಳಿನಾಚೆಯ ಡಾಂಬರು ಮುಟ್ಟಿ ತಟ್ಟನೆ ಹಿಂದಕ್ಕೆ ತೆಗೆದಳು. ಅವಳು ಆ ದಿನ ಅಳೆದ ರಸ್ತೆಯೆಲ್ಲ ಬಿಸಿಲಿನಲ್ಲಿ ಬಿದ್ದುಕೊಂಡಿತ್ತು. ಅದರ ಒಳಗಿನ ಬಿಸಿ ಮೂವತ್ತೊಂದಲ್ಲ, ನಲವತ್ತನ್ನು ದಾಟಿ ಎಲ್ಲೋ ಇರಬೇಕು. ಬಿಸಿಗೆ ಮೆತ್ತಗಾದ ಒಳ್ಳೆಯ ಡಾಂಬರನ್ನು, ತಂಪಿನಲ್ಲೂ ಮೆತ್ತಗಿರುವ ಕೆಟ್ಟ ಡಾಂಬರೆಂದು ಅವಳು ಬರೆದಿದ್ದಳು.

"ವಾಹೀದ ಭಾಯಿ, ಇಲ್ಲ್ಯಾಕ ಹೊಡದ್ರಿ ತೂತು?" ಎಂದು ಅವನನ್ನು ಕರೆದು ಕೇಳಿದಳು.

"ಎಲ್ಲಿ ಹೊಡೀಲ್ರಿ ಅಂತ ಮಾಸ್ತರ್ ಸಾಬಗ ಕೇಳಿದೆ ಮೇಡಂ. ನೆಳ್ಳಾಗ ಅಂದ್ರು. ಹೊಡದೆ."

ಅವಳಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಇನ್ನೊಂದು ಅನುಮಾನ. ಬಂದ ಗಂಡುಗಳನ್ನೆಲ್ಲ ಒಂದಲ್ಲ ಒಂದು ನೆಪಕ್ಕೆ ಅಟ್ಟಿದ ಮನುಷ್ಯ. ವಿಜ್ಞಾನ ಗೊತ್ತಿದ್ದ ಮನುಷ್ಯ. ಡಾಂಬರು ಬಿಸಿಲಿಗೆ ಕರಗುತ್ತದೆಂದು ಔರಾದದ ಕುರಿಗೂ ಗೊತ್ತು, ಇವರಿಗೆ ಗೊತ್ತಿರಲಿಲ್ಲವೇ? ಮಗಳು ಮನೆ ಬಿಟ್ಟು ಹೋಗಬಾರದೆಂದು ಬೇಕೆಂದೇ ಮಾಡಿದ್ದರೆ? ವ್ಯಾನನ್ನು ನೇರ ನೌಬಾದಕ್ಕೆ ಬಿಡಲು ಅವಳು ವಾಹೀದನಿಗೆ ಹೇಳಿದಳು.

ಮಾಸ್ತರರು ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ಸುಮನ ಚೀಲವನ್ನೂ ಇಳಿಸಲಿಲ್ಲ.

"ಅಪ್ಪಾ, ಖರೇ ಹೇಳ್ರಿ. ಬೇಕಂತೇ ಮಾಡಿದ್ರೇನು?"

"ಏನು?"

"ತೂತು ನೆಳ್ಳಾಗ ಹೊಡ್ಸಿದ್ದು."

ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. ಅವರ ಮುಖದಲ್ಲಿ ಕಳ್ಳತನ ಸಿಕ್ಕಿಬಿದ್ದ ಗುರುತೇ ಇರಲಿಲ್ಲ. ಇದ್ದದ್ದು ಪೂರಾ ಅವಮಾನ.

"ಮತ್ತೆಲ್ಲಿ ಹೊಡಸಬೇಕು? ಏಳನೇ ಕ್ಲಾಸಿನಾಗ ನಿನಗ ನಾನೇ ಕಲಿಸೀನಿ. ಉಷ್ಣಾಂಶ ಅಳೀಬೇಕಾದ್ರ ಥರ್ಮಾಮೀಟರಿಗಿ ಬಿಸಲು ಬಡೀಬಾರದು, ನೆಳ್ಳಾಗ ಇಡಬೇಕು. ಪರೀಕ್ಷಾದಾಗ ಛಂದ ಬರದಿದ್ದಿ, ಈಗ ಮರತಿ? ಆ ಕುರಿ ಎಬ್ಬಿಸ್ಲಕ್ಕ ಎಷ್ಟು ತ್ರಾಸ್ ಆಯ್ತು ನನಗ!"

ಸುಮನ ಕಟ್ಟೆಯ ಮೇಲೆ ಕೂತಳು. ನಗು ಬಂತು, ಅದರ ಹಿಂದೆಯೇ ಅಳು ಬಂತು.

"ಅದು ಹವಾದ ಬಿಸಿ ಅಳೀಲಕ್ಕ ಅಪ್ಪಾ. ನಾ ಕೇಳಿದ್ದು ರಸ್ತಾದ ಬಿಸಿ. ರಸ್ತಾ ಬಿಸಲಾಗ ಬಿದ್ದಾದ. ನೀವು ಕುರಿ ಮಲಗೋ ಜಾಗಾ ಅಳದು ಕೊಟ್ರಿ."

ಮಾಸ್ತರರು ಪೇಪರ್ ಮಡಚಿ ಎದ್ದರು. ಅಂಗಳದ ಕಲ್ಲುಹಾಸಿನ ಬಿಸಿಲಿದ್ದ ಕಡೆ ಬಗ್ಗಿ ಅಂಗೈ ಇಟ್ಟರು. ಪೇರಲ ಗಿಡದ ನೆರಳಿದ್ದ ಕಲ್ಲಿನ ಮೇಲೆ ಇಟ್ಟರು. ಮತ್ತೆ ಬಿಸಿಲಿನ ಕಲ್ಲಿಗೆ ಬಂದು, ಕೈ ಸುಡುವವರೆಗೆ ಇಟ್ಟುಕೊಂಡೇ ಇದ್ದರು. ಹಾಲು, ತರಕಾರಿ, ಉಗುರು, ಸಕ್ಕರೆ, ಎಲ್ಲದರ ಮೇಲೂ ಅನುಮಾನಪಟ್ಟ ಮನುಷ್ಯ ತಾನು ಕಲಿಸಿದ ಪಾಠದ ಮೇಲೆ ಮಾತ್ರ ಒಮ್ಮೆಯೂ ಪಟ್ಟಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

"ಹುಡುಗ ಪಾಸ್," ಅಂದರು ಕೊನೆಗೆ, ಬಗ್ಗಿದ್ದಂತೆಯೇ. "ನಾ ಫೇಲ್."

ಸುಮನಳಿಗೆ ಅಪ್ಪನ ಮೇಲೆ ಪಟ್ಟ ಅನುಮಾನ ನೆನಪಾಗಿ ನಾಚಿಕೆಯಾಯಿತು. ಅವಳು ಅದನ್ನು ಅಪ್ಪನಿಗೆ ಹೇಳಲಿಲ್ಲ.

ಸಂಜುಕುಮಾರನ ಜ್ವರ ಬಿಟ್ಟ ಮೇಲೆ ಪರೀಕ್ಷೆ ಹೊಸದಾಗಿ ನಡೆಯಿತು. ತೂತು ಈ ಸಲ ಗಾಡಿಗಳು ಓಡಾಡುವ ಜಾಗದಲ್ಲೇ, ಬಿಸಿಲಿನಲ್ಲೇ ಬಿತ್ತು. ಮಣ್ಣು ಛಲೋ, ಖಡಿ ಛಲೋ, ಮೇಲಿನ ಪದರು ಇರಬೇಕಾದ್ದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ತಪ್ಪು ಲ್ಯಾಬಿನದೆಂದು ಅಶೋಕಕುಮಾರರು ಗುತ್ತೇದಾರರಿಗೆ ಬಾಯಿಬಿಟ್ಟು ಹೇಳಿದರು. ಸುಮನ ಕಪಿಲನಿಗೆ ನಡೆದದ್ದನ್ನೆಲ್ಲ ಬರೆದು ಮೆಸೇಜು ಕಳಿಸಿದಳು. 'ಸರಿ ರಿ' ಎಂದು ಉತ್ತರ ಬಂತು. ಆಮೇಲೆ ಅವನ ಕಡೆಯಿಂದಾಗಲಿ ಅವನ ಮನೆಯಿಂದಾಗಲಿ ಏನೂ ಬರಲಿಲ್ಲ. ಸುಮನ ಫೋನು ತೆಗೆದು ನೋಡುವುದು, ಇಡುವುದು, ಮತ್ತೆ ತೆಗೆಯುವುದು ಮಾಸ್ತರರ ಕಣ್ಣಿಗೆ ಬೀಳದೆ ಇರಲಿಲ್ಲ.

"ಭಾಲ್ಕಿಗಿ ಹೋಗಮು ನಡಿ," ಅಂದರು ಒಂದು ದಿನ.

"ಹೆಣ್ಣಿನ ಕಡಿಯವ್ರು ಕರೀಲಾರದೇ ಹೋಗದು ರಿವಾಜು ಅಲ್ಲ ಅಪ್ಪಾ."

"ರಸ್ತಾ ಅಳದು ಗಂಡು ವಿಚಾರಿಸೋದು ರಿವಾಜು ಇತ್ತೇನು? ನಡಿ."

ಕಪಿಲನ ತಾಯಿ ಶೇವಂತಾಬಾಯಿ ಅಂಗನವಾಡಿಯಲ್ಲಿ ದುಡಿದು ಒಬ್ಬರೇ ನಿಂತು ಮಗನನ್ನು ಓದಿಸಿದವರು. ತಂದೆ ಮಗಳು ಹೋದಾಗ ಆಕೆ ಅಂಗಳದಲ್ಲಿ ಬಟ್ಟೆ ಹಾಸಿ ಹಪ್ಪಳ ಒಣಗಿಸುತ್ತಿದ್ದರು. ಬನ್ನಿ ಎಂದರು, ನೀರು ಕೊಟ್ಟರು, ಅಂಗಳದ ನಡುವಿನ ಹೊರಸನ್ನು, ಹಗ್ಗದ ಮಂಚವನ್ನು, ತೋರಿಸಿ ಕೂಡ್ರಿ ಎಂದರು. ಹೊರಸು ನೆತ್ತಿಯ ಬಿಸಿಲಿನಲ್ಲಿತ್ತು. ಬೇವಿನ ಮರದ ಕೆಳಗೆ, ತಂಪಾದ ನೆರಳಿನಲ್ಲಿ, ಇನ್ನೊಂದು ಹೊರಸು ಖಾಲಿ ಬಿದ್ದಿತ್ತು. ಮಾಸ್ತರರು ಅದನ್ನು ನೋಡಿದರು. ಸುಮನಳೂ ನೋಡಿದಳು. ಇಬ್ಬರೂ ಬಿಸಿಲಿನಲ್ಲೇ ಕೂತರು.

ಶೇವಂತಾಬಾಯಿ ಅವಸರ ಮಾಡಲಿಲ್ಲ. ಒಂದೊಂದೇ ಹಪ್ಪಳವನ್ನು ತಿರುವಿ ಹಾಕುತ್ತ, ಮಳೆಬೆಳೆ, ಔರಾದ, ಪಿಂಚಣಿ ಎಲ್ಲವನ್ನೂ ವಿಚಾರಿಸಿದರು. ಮಾಸ್ತರರ ಕುತ್ತಿಗೆಯಿಂದ ಬೆವರಿಳಿದು ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತು. ಬಚ್ಚಲ ಕಲ್ಲಿನ ಮೇಲೆ ಸೀಮೆಎಣ್ಣೆಯ ಬಾಟಲಿ ಮತ್ತು ಸವೆದ ಹಲ್ಲುಜ್ಜುವ ಬ್ರಷ್ಷು ಇದ್ದವು. ಕಪಿಲನ ಉಗುರು ಸ್ವಚ್ಛವಾಗುವುದು ಎಲ್ಲಿ ಎಂಬುದು ಸುಮನಳಿಗೆ ಗೊತ್ತಾಯಿತು. ಅಷ್ಟರಲ್ಲಿ ಕಪಿಲನೇ ಚಹಾ ತಂದ. ಕೊಟ್ಟು, ಬಾಗಿಲಿಗೆ ಒರಗಿ ನಿಂತ.

ಮಾಸ್ತರರು ಒಂದು ಗುಟುಕು ಕುಡಿದು ಚಹಾದ ಬಸಿಯನ್ನು ನೋಡಿದರು.

"ಸಕ್ಕರಿ ಹಾಕಿಲ್ರಿ," ಅಂದರು ಶೇವಂತಾಬಾಯಿ. "ನನಗ ಶುಗರ್ ಅದ. ನಾ ಬಿಟ್ಟೆ ಅಂತ ಇವನೂ ಬಿಟ್ಟಾನ. ಮನ್ಯಾಗ ಸಕ್ಕರೀನೇ ಇಡಂಗಿಲ್ಲ. ನಿಮಗ ಬೇಕಾದ್ರ ಬಾಜೂ ಮನಿಯಿಂದ ತರಸ್ತೇನಿ."

ಮಾಸ್ತರರು ಬೇಡವೆಂದು ತಲೆಯಾಡಿಸಿದರು. ಆ ಸಪ್ಪೆ ಚಹಾವನ್ನು ತಳದವರೆಗೆ ಕುಡಿದರು.

ಆಗ ಶೇವಂತಾಬಾಯಿ ಹಪ್ಪಳ ಬಿಟ್ಟು ಸುಮನಳ ಕಡೆ ತಿರುಗಿದರು.

"ಮಂದಿ ನೂರು ಅಂತಾರ, ಬಿಡು. ಗುತ್ತೇದಾರ ಎಲ್ಲಾರ ಮುಂದ ಕಳ್ಳ ಅಂದ, ಅದೂ ಬಿಡು. ನಾ ನಿನಗ ಒಂದೇ ಕೇಳ್ತೇನಿ. ನೀ ನಂಬಿದ್ದೇನು?"

ಯಂತ್ರ ಹೇಳಿತು, ಅಂಕಿ ಹೇಳಿತು ಎನ್ನಬಹುದಿತ್ತು. ಸುಮನ ಬಾಗಿಲಲ್ಲಿದ್ದ ಕಪಿಲನನ್ನು ನೋಡಿದಳು.

"ನಂಬಿದೆ, ಬಾಯಿ."

"ನನ್ ಮಗ ಅವತ್ತು ಉಣ್ಣಲಿಲ್ಲ. ಬೈದ್ರು ಅಂತಲ್ಲ. 'ಅಕಿ ನಂಬಿದಳು ಅವ್ವಾ' ಅಂದ."

ಸುಮನಳ ಕಣ್ಣಲ್ಲಿ ನೀರು ನಿಂತಿತು, ಅವಳು ಒರೆಸಿಕೊಳ್ಳಲಿಲ್ಲ. ಮಾಸ್ತರರು ಬಸಿಯನ್ನು ನೆಲಕ್ಕಿಟ್ಟು ಎದ್ದು ನಿಂತರು. ಅವರು ಕೈ ಜೋಡಿಸಿದ್ದನ್ನು ಅವಳು ಬುದ್ಧನ ಮೂರ್ತಿಯ ಮುಂದೆ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

"ಬಾಯಿ, ಅಕಿ ನಿಮ್ಮ ಹುಡುಗನ ಬಗ್ಗೆ ಕೆಟ್ಟದ್ದು ನಂಬ್ಲಿಲ್ಲ. ನಾ ಕೊಟ್ಟ ಅಂಕಿ ನಂಬಿದಳು. ಅಕಿ ಹುಟ್ಟಿದಂದಿನಿಂದ ನಾ ಅಕಿಗಿ ಯಾರಿಗೂ ನಂಬಬ್ಯಾಡ ಅಂತ ಹೇಳ್ಕೋತ ಬಂದೀನಿ. ಅಕಿ ನಂಬಿದ್ದು ಒಬ್ಬನಿಗೇ, ನನಗ. ಅದೇ ಅಕಿ ತಪ್ಪು."

ಅವರು ಬಿಸಿಲಿಗೆ ಕಣ್ಣು ಕಿರಿದಾಗಿ, ಕೈ ಜೋಡಿಸಿಕೊಂಡೇ ನಿಂತಿದ್ದರು. ಶೇವಂತಾಬಾಯಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮಗನ ಮುಖ ನೋಡಿದರು. ಕಪಿಲ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದು ಬಂದ. ಬಿಸಿಲಿನಲ್ಲಿದ್ದ ಹೊರಸಿನ ಒಂದು ತುದಿ ಹಿಡಿದು ಸುಮನಳನ್ನು ನೋಡಿದ.

"ಆ ಕಡಿ ನೀವು ಹಿಡೀರಿ," ಅಂದ.

ಸುಮನ ಎದ್ದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಹೊರಸನ್ನು ಬೇವಿನ ಕೆಳಗೆ, ಅಲ್ಲಿದ್ದ ಹೊರಸಿನ ಎದುರಿಗೆ, ಹೊತ್ತೊಯ್ದು ಇಟ್ಟರು. ಶೇವಂತಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ಮಾಸ್ತರರಿಗೆ ಹೇಳಿದರು:

"ನೆಳ್ಳಿಗಿ ಬರ್ರಿ ಸರ್. ಬಿಸಲಾಗ ನಿಮಗೂ ಅಳದಾಯ್ತು."